ಕಲಿಸಬಲ್ಲೆನೆಂಬ ನಂಬಿಕೆ ಮೇಷ್ಟರಿಗೆ ಎಲ್ಲಿಂದ ಬರಬೇಕು?

"ನಮ್ಮ ಹುಡುಗನಿಗೆ ಓದು ತಲೆಗೆ ಹತ್ತುವುದಿಲ್ಲ." ಗಿರಣಿಯ ಗೇಟಿನ ಬಳಿ, ಅಂಗಡಿಯ ಕಟ್ಟೆಯ ಮೇಲೆ, ಕೂಲಿಕಾರರ ವಠಾರಗಳಲ್ಲಿ ಈ ಮಾತನ್ನು ಕೇಳದವರು ಯಾರಿದ್ದಾರೆ? ಹೇಳುವವರು ಹೆತ್ತವರೇ ಆದರೂ ಇದು ಅವರ ಮನೆಯಲ್ಲಿ ಹುಟ್ಟಿದ ಮಾತಲ್ಲ. ಶಾಲೆಯಲ್ಲಿ ಹುಟ್ಟಿ, ಮೇಷ್ಟರ ಬಾಯಿಂದ ಹೊರಟು, ಆಮೇಲೆ ಮನೆ ಸೇರಿದ ಮಾತು. ಓದು ಬಲ್ಲ ಮೇಷ್ಟರೇ ಹಾಗೆಂದ ಮೇಲೆ ಓದು ಬಾರದ ತಂದೆ ಇನ್ನೇನು ಹೇಳಿಯಾನು? ಅವನು ನಂಬುತ್ತಾನೆ. ತಾಯಿ ನಂಬುತ್ತಾಳೆ. ಕೊನೆಗೆ ಹುಡುಗನೂ ನಂಬುತ್ತಾನೆ. ನಂಬಿದ ಮೇಲೆ ಅವನ ದಾರಿ ಗ್ಯಾರೇಜಿಗೋ, ಹೋಟೆಲಿಗೋ, ಮೂಟೆ ಹೊರುವುದಕ್ಕೋ ತಿರುಗುತ್ತದೆ. ಒಂದು ಜೀವಮಾನದ ತೀರ್ಪು ಒಂಬತ್ತನೆಯ ವಯಸ್ಸಿನಲ್ಲಿ, ವಿಚಾರಣೆಯಿಲ್ಲದೆ ಮುಗಿದುಹೋಗುತ್ತದೆ.

ಈ ತೀರ್ಪಿನ ಒಳಗೆ ಇನ್ನೊಂದು ಮಾತು ಅಡಗಿದೆ. "ಇವನಿಗೆ ಹತ್ತುವುದಿಲ್ಲ" ಎಂದು ಮೇಷ್ಟರು ಹೇಳುವಾಗ ಹುಡುಗನ ವಿಷಯ ಮಾತ್ರ ಹೇಳುತ್ತಿಲ್ಲ, ತಮ್ಮ ವಿಷಯವನ್ನೂ ಹೇಳುತ್ತಿದ್ದಾರೆ. "ಇವನಿಗೆ ಕಲಿಸುವುದು ನನ್ನ ಕೈಲಾಗುವುದಿಲ್ಲ" ಎಂಬುದೇ ಆ ಮಾತು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ತರಗತಿಯ ನಾಲ್ಕು ಗೋಡೆಗಳ ನಡುವೆ ನಡೆಯುವ ಬಹಳಷ್ಟು ಸಂಗತಿಗಳಿಗೆ ಇದೇ ಮೂಲ. ಈ ಕೈಲಾಗುತ್ತದೆ, ಕೈಲಾಗುವುದಿಲ್ಲ ಎಂಬ ನಂಬಿಕೆಯನ್ನು ಕುರಿತೇ ಈ ನಾಲ್ಕು ಮಾತು.

ಮೊದಲು ಲೆಕ್ಕ ನೋಡೋಣ. ಪ್ರಥಮ್ ಎಂಬ ಸಂಸ್ಥೆಯವರು 2005ರಿಂದ ದೇಶದ ಹಳ್ಳಿಗಾಡಿನಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸಿ 'ಅಸರ್' ಎಂಬ ವರದಿ ಹೊರಡಿಸುತ್ತ ಬಂದಿದ್ದಾರೆ. ಐದನೆಯ ತರಗತಿಯ ಮಗುವಿನ ಕೈಗೆ ಎರಡನೆಯ ತರಗತಿಯ ಮಟ್ಟದ ಪಾಠ ಕೊಟ್ಟು ಓದು ಎನ್ನುತ್ತಾರೆ. ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದ ತರುವಾಯ, 2022ರಲ್ಲಿ ಸುಮಾರು 43. 2024ರಲ್ಲಿ ಸುಮಾರು 49. ಪಟ್ಟಣದ ಮಕ್ಕಳು ಈ ಲೆಕ್ಕದಲ್ಲಿ ಸೇರಿಲ್ಲ. ಆದರೂ ನಮ್ಮ ಗಿರಣಿ ಕೇರಿಗಳ ಸ್ಥಿತಿ ಇದಕ್ಕಿಂತ ಬಹಳ ಬೇರೆ ಎಂದು ಎದೆ ತಟ್ಟಿ ಹೇಳುವವರನ್ನು ನಾನು ಕಂಡಿಲ್ಲ.

ದೇಶದ ಅರ್ಧ ಮಕ್ಕಳು ದಡ್ಡರಾಗಿಯೇ ಹುಟ್ಟಿದರೆಂದು ತಲೆ ನೆಟ್ಟಗಿರುವ ಯಾರೂ ಒಪ್ಪಲಾರರು. ಗಿರಣಿಯಲ್ಲಿ ಅರ್ಧಕ್ಕರ್ಧ ಎಳೆ ಕಡಿದು ಬೀಳುತ್ತಿದ್ದರೆ ಹತ್ತಿಯೊಂದನ್ನೇ ಬೈದು ಕೈತೊಳೆದುಕೊಳ್ಳುತ್ತಾರೆಯೇ? ಯಂತ್ರ ನೋಡುತ್ತಾರೆ. ಗಾಳಿಯ ತೇವ ನೋಡುತ್ತಾರೆ. ಒಬ್ಬ ಕೆಲಸಗಾರನಿಗೆ ಎಷ್ಟು ಯಂತ್ರ ವಹಿಸಿದೆ ಎಂದು ನೋಡುತ್ತಾರೆ. ಶಾಲೆಯಲ್ಲಿ ಮಾತ್ರ ತಪ್ಪೆಲ್ಲವೂ ಹತ್ತಿಯದೇ!

ಕೆಲವು ವರ್ಷ ಪಾಠ ಹೇಳಿದವನಾದ್ದರಿಂದ ಉಪಾಧ್ಯಾಯರ ಕೊಠಡಿಯ ಮಾತುಕತೆ ನನಗೆ ಹೊಸದಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ಒಬ್ಬರು. "ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ, ಇವು ಬೆಳೆಯುವವಲ್ಲ ಬಿಡಿ" ಎಂದು ಇನ್ನೊಬ್ಬರು. "ಇವರ ಮನೆಯಲ್ಲಿ ಓದಿನ ವಾತಾವರಣವೇ ಇಲ್ಲ, ನಾವೇನು ಮಾಡೋಣ" ಎಂದು ಮತ್ತೊಬ್ಬರು. ಹೀಗೆನ್ನುವವರು ದುಷ್ಟರಲ್ಲ, ಸೋಮಾರಿಗಳೂ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ರಾತ್ರಿಯೆಲ್ಲ ಕೂತು ಚಿತ್ರಪಟ ಬರೆದು ತಂದವರು, ಸಂಜೆ ಮಕ್ಕಳನ್ನು ಉಳಿಸಿಕೊಂಡು ಹೇಳಿಕೊಟ್ಟವರು ಅವರಲ್ಲಿದ್ದಾರೆ. ಐದಾರು ವರ್ಷಗಳಲ್ಲಿ ಅವರ ನಂಬಿಕೆ ಬತ್ತಿತು. ಬತ್ತಿದ್ದೇಕೆ ಎಂದು ಇಲಾಖೆ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈ ನಂಬಿಕೆ ಬರಿಯ ಮನಸ್ಸಿನ ಸಮಾಧಾನವಲ್ಲ, ಮಕ್ಕಳ ಕಲಿಕೆಯೊಂದಿಗೆ ಅದಕ್ಕೆ ನಂಟುಂಟು ಎಂಬುದು ಅಮೆರಿಕದ ಒಂದು ವರದಿಯಿಂದ ಎಲ್ಲರ ಗಮನಕ್ಕೆ ಬಂತು. 1976ರಲ್ಲಿ ರ‍್ಯಾಂಡ್ ಎಂಬ ಸಂಸ್ಥೆಯವರು ಲಾಸ್ ಏಂಜಲೀಸ್ ನಗರದಲ್ಲಿ ಕಪ್ಪು ಜನರ ಮತ್ತು ಮೆಕ್ಸಿಕೊ ಮೂಲದವರ ಮಕ್ಕಳು ಓದುತ್ತಿದ್ದ ಶಾಲೆಗಳನ್ನು ಪರೀಕ್ಷಿಸಿದರು. ಯಾವ ಶಾಲೆಯ ಮಕ್ಕಳು ಓದುವುದರಲ್ಲಿ ಮುಂದುವರಿದರು, ಏಕೆ ಮುಂದುವರಿದರು ಎಂಬುದು ಅವರ ಪ್ರಶ್ನೆ. ಉಪಾಧ್ಯಾಯರಿಗೆ ಕೇಳಿದ ಅನೇಕ ಪ್ರಶ್ನೆಗಳ ನಡುವೆ ಎರಡು ಚಿಕ್ಕ ಪ್ರಶ್ನೆಗಳಿದ್ದವು. ಮಕ್ಕಳ ಓದು ಬಹುಪಾಲು ಮನೆಯ ಸ್ಥಿತಿಯನ್ನೇ ಅವಲಂಬಿಸಿರುವುದರಿಂದ ಉಪಾಧ್ಯಾಯ ಮಾಡಬಹುದಾದ್ದು ಹೆಚ್ಚೇನೂ ಇಲ್ಲವೆಂದು ಒಪ್ಪುತ್ತೀರೋ ಎಂಬುದು ಒಂದು. ನಿಜವಾಗಿ ಪ್ರಯತ್ನಪಟ್ಟರೆ ಎಂಥ ಕಷ್ಟದ ವಿದ್ಯಾರ್ಥಿಗೂ ಕಲಿಸಬಲ್ಲೆನೆಂದು ನಂಬುತ್ತೀರೋ ಎಂಬುದು ಇನ್ನೊಂದು. ಕಲಿಸಬಲ್ಲೆವೆಂದು ಗಟ್ಟಿಯಾಗಿ ಹೇಳಿದ ಉಪಾಧ್ಯಾಯರ ಮಕ್ಕಳು ಓದಿನಲ್ಲಿ ಹೆಚ್ಚು ಮುಂದುವರಿದಿದ್ದರು. ಎರಡೇ ಪ್ರಶ್ನೆಗಳ ಉತ್ತರಕ್ಕೂ ಮಕ್ಕಳ ಓದಿಗೂ ಹೀಗೆ ತಾಳೆಯಾದದ್ದನ್ನು ಕಂಡು ವಿದ್ವಾಂಸರು ಅದರ ಬೆನ್ನು ಹತ್ತಿದರು.

ನಂಬಿಕೆ ಕೆಲಸ ಮಾಡುವುದು ಹೇಗೆ? ಅದರಲ್ಲಿ ಮಾಯಮಂತ್ರವೇನೂ ಇಲ್ಲ. 1984ರಲ್ಲಿ ಗಿಬ್ಸನ್ ಮತ್ತು ಡೆಂಬೊ ಎಂಬ ಇಬ್ಬರು ಕೆಲವೇ ಉಪಾಧ್ಯಾಯರ ತರಗತಿಗಳಲ್ಲಿ ಕುಳಿತು ಗಮನಿಸಿದರು. ಮಗು ತಪ್ಪು ಉತ್ತರ ಕೊಟ್ಟಾಗ, ನಂಬಿಕೆಯುಳ್ಳ ಉಪಾಧ್ಯಾಯರು ಅದರ ಜೊತೆಯಲ್ಲೇ ನಿಂತು, ಮತ್ತೊಂದು ಪ್ರಶ್ನೆ ಕೇಳಿ, ಸರಿ ಉತ್ತರದ ಕಡೆಗೆ ನಡೆಸುತ್ತಿದ್ದರು. ನಂಬಿಕೆ ಕಡಿಮೆಯಿದ್ದವರು ಬೈಯುವುದು ಹೆಚ್ಚು. ಉತ್ತರವನ್ನು ತಾವೇ ಹೇಳಿಬಿಡುವುದು, ಇಲ್ಲವೆ ಇನ್ನೊಬ್ಬನನ್ನು ಎಬ್ಬಿಸುವುದು ಹೆಚ್ಚು. ವ್ಯತ್ಯಾಸ ಇಷ್ಟೇ. ಅರ್ಧ ನಿಮಿಷದ ತಾಳ್ಮೆಯ ವ್ಯತ್ಯಾಸ. ಆದರೆ ಕಾನೂನಿನ ಪ್ರಕಾರ ಕೆಳಗಿನ ಐದು ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ದಿನಕ್ಕೆ ಒಂದು ಸಲವಾದರೂ ಮಗುವಿನ ಜೊತೆ ಹೀಗೆ ನಿಂತವರ ಲೆಕ್ಕವನ್ನೂ ನಿಲ್ಲದವರ ಲೆಕ್ಕವನ್ನೂ ಐದು ವರ್ಷಕ್ಕೆ ಗುಣಿಸಿ ನೋಡಿ. ಒಂದು ಕಡೆ ಸಾವಿರ ಸಲ ಎತ್ತಿ ನಿಲ್ಲಿಸಿದ ಮಗು, ಇನ್ನೊಂದು ಕಡೆ ಸಾವಿರ ಸಲ ಕೂರಿಸಿದ ಮಗು.

ಅಂಗಡಿಯವರಿಗೆ ಇದು ಬೇಗ ತಿಳಿಯುತ್ತದೆ. ಈ ಸಾಮಾನು ಹೋಗುವುದಿಲ್ಲವೆಂದು ಮೊದಲೇ ನಿರ್ಧರಿಸಿದ ವ್ಯಾಪಾರಿ ಅದನ್ನು ಮೂಲೆಗೆ ತಳ್ಳುತ್ತಾನೆ. ಮೂಲೆಯಲ್ಲಿ ಬಿದ್ದದ್ದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಮಾರಿಹೋಗುವುದೂ ಇಲ್ಲ. ಆಗ "ನಾನು ಮೊದಲೇ ಹೇಳಲಿಲ್ಲವೇ" ಎನ್ನುತ್ತಾನೆ. ಹಿಂದಿನ ಬೆಂಚಿನ ಮಕ್ಕಳ ಕಥೆಯೂ ಇದೇ. ಆ ಬೆಂಚಿನಲ್ಲಿ ಯಾರ ಮಕ್ಕಳು ಕೂತಿರುತ್ತಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನಮ್ಮ ಗೆಳೆಯರಲ್ಲೇ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. "ಹೊಟ್ಟೆಗಿಲ್ಲದ ಮಗುವಿಗೆ ಪಾಠ ಹತ್ತುವುದು ಹೇಗೆ? ಬಡತನ ಹೋಗದೆ, ಸಮಾಜ ಬದಲಾಗದೆ ಶಾಲೆ ಏನು ಮಾಡೀತು? ಉಪಾಧ್ಯಾಯನ ನಂಬಿಕೆಯ ಮಾತೆಲ್ಲ ಮಧ್ಯಮವರ್ಗದವರ ಸಮಾಧಾನ." ಈ ವಾದಕ್ಕೆ ಆಧಾರವಿಲ್ಲದೆ ಇಲ್ಲ. 1966ರಲ್ಲಿ ಅಮೆರಿಕದ ಸರ್ಕಾರಕ್ಕಾಗಿ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಸಾವಿರಾರು ಶಾಲೆಗಳನ್ನು ಪರೀಕ್ಷಿಸಿ ವರದಿ ಕೊಟ್ಟರು. ಶಾಲೆ ಶಾಲೆಗಳ ನಡುವಿನ ವ್ಯತ್ಯಾಸಕ್ಕಿಂತ ಮಗು ಹುಟ್ಟಿದ ಮನೆಯ ಸ್ಥಿತಿಯೇ ಅದರ ಓದನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಅವರು ಕಂಡದ್ದು. ಮನೆಯ ಹಸಿವು, ಕಾಯಿಲೆ, ಒಂದೇ ಕೋಣೆಯಲ್ಲಿ ಆರು ಜನ, ತಂದೆಯ ರಾತ್ರಿ ಪಾಳಿ ಇವೆಲ್ಲ ಮಗುವಿನ ಓದನ್ನು ತಿನ್ನುತ್ತವೆ. ಅದನ್ನು ಅಲ್ಲಗಳೆಯುವವನು ಕಾರ್ಮಿಕರ ಮನೆ ನೋಡಿದವನಲ್ಲ.

ಆದರೆ ಈ ಸತ್ಯದಿಂದ ಉಪಾಧ್ಯಾಯನ ಕೈಯಲ್ಲಿ ಏನೂ ಇಲ್ಲ ಎಂಬ ತೀರ್ಮಾನಕ್ಕೆ ಹಾರುವುದು ತಪ್ಪು. ಹಣವಂತರ ಮಗುವಿಗೆ ಶಾಲೆಯಲ್ಲಿ ತಿಳಿಯದಿದ್ದರೆ ಟ್ಯೂಷನ್ ಉಂಟು, ಓದಿದ ತಾಯಿ ಉಂಟು, ಮನೆಯಲ್ಲಿ ಪುಸ್ತಕ ಉಂಟು. ನಮ್ಮ ಮಗುವಿಗೆ ಶಾಲೆಯೊಂದೇ ಬಾಗಿಲು. ಆ ಬಾಗಿಲಲ್ಲಿ ನಿಂತವನೇ "ಇದು ತೆರೆಯುವುದಿಲ್ಲ" ಎಂದರೆ ಮಗು ಹೋಗುವುದೆಲ್ಲಿಗೆ? ಸಮಾಜವಾದ ಬರುವವರೆಗೂ ಬೋನಸ್ ಕೇಳುವುದು ಬೇಡವೆಂದು ಯಾವ ಕಾರ್ಮಿಕ ಸಂಘವಾದರೂ ನಿರ್ಣಯ ಮಾಡಿದ್ದುಂಟೇ? ಮಾಲೀಕನ ಬಲ ದೊಡ್ಡದು ಎಂದು ಗೊತ್ತಿದ್ದೂ ಈ ವರ್ಷದ ಕೂಲಿಗಾಗಿ ಈ ವರ್ಷವೇ ಹೋರಾಡುತ್ತೇವೆ. ಬಡತನದ ಬಲ ದೊಡ್ಡದೆಂದು ಗೊತ್ತಿದ್ದೂ ಈ ವರ್ಷದ ನಾಲ್ಕನೆಯ ತರಗತಿಗೆ ಈ ವರ್ಷವೇ ಓದು ಕಲಿಸಬೇಕು. ಮುಂದಿನ ವರ್ಷ ಆ ಮಕ್ಕಳು ಆ ಬೆಂಚಿನಲ್ಲಿರುವುದಿಲ್ಲ.

ಇನ್ನೊಂದು ಕಡೆಯಿಂದ ಬರುವುದು ಅಧಿಕಾರಸ್ಥರ ಉಪದೇಶ. ಪ್ರತಿ ಸೆಪ್ಟೆಂಬರ್ 5ರಂದು ವೇದಿಕೆ ಕಟ್ಟಿ, ಶಾಲು ಹೊದಿಸಿ, "ಗುರುಗಳು ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು, ರಾಷ್ಟ್ರ ನಿರ್ಮಾಪಕರಾಗಬೇಕು" ಎಂದು ಭಾಷಣ ಮಾಡುತ್ತಾರೆ. ನಂಬಿಕೆ ಇಲ್ಲದ್ದು ಉಪಾಧ್ಯಾಯನ ಸ್ವಂತ ದೌರ್ಬಲ್ಯ, ಅದನ್ನು ಅವನೇ ಸರಿಪಡಿಸಿಕೊಳ್ಳಲಿ ಎಂಬುದು ಆ ಭಾಷಣದ ಸಾರ. ಭಾಷಣದಿಂದ ನಂಬಿಕೆ ಹುಟ್ಟುವುದಾಗಿದ್ದರೆ ನಮ್ಮ ದೇಶದಲ್ಲಿ ಅದಕ್ಕೆ ಬರವೇ ಇರುತ್ತಿರಲಿಲ್ಲ.

ಹಾಗಾದರೆ ನಂಬಿಕೆ ಎಲ್ಲಿಂದ ಹುಟ್ಟುತ್ತದೆ? ಈ ವಿಷಯವನ್ನು ಶಾಸ್ತ್ರೀಯವಾಗಿ ವಿವರಿಸಿದವರು ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. 1977ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಂತೆ ಮನುಷ್ಯನಿಗೆ "ನನ್ನ ಕೈಲಾಗುತ್ತದೆ" ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ. ಒಂದು, ತಾನೇ ಮಾಡಿ ಗೆದ್ದ ಅನುಭವ. ಎರಡು, ತನ್ನಂಥವನೇ ಇನ್ನೊಬ್ಬ ಮಾಡಿ ಗೆದ್ದುದನ್ನು ಕಣ್ಣಾರೆ ಕಂಡದ್ದು. ಮೂರು, ಇತರರ ಪ್ರೋತ್ಸಾಹದ ಮಾತು. ನಾಲ್ಕು, ಮೈಮನಸ್ಸುಗಳ ಸ್ಥಿತಿ. ದಣಿದು ಬೆದರಿದವನಿಗೆ ಎಲ್ಲವೂ ಅಸಾಧ್ಯವಾಗಿ ಕಾಣುತ್ತದೆ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ನಮ್ಮ ಇಲಾಖೆ ಕೊಡುತ್ತಿರುವುದು ಮೂರನೆಯದನ್ನು, ಅದೂ ವರ್ಷಕ್ಕೊಂದು ದಿನ.

ಲಾಸ್ ಏಂಜಲೀಸಿನ ಲೆಕ್ಕ ನೋಡಿ, ನಂಬಿಕೆಯಿಂದ ಫಲ ಬಂತೋ ಫಲ ಕಂಡು ನಂಬಿಕೆ ಬಂತೋ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ಇಲ್ಲಿದೆ. ಎರಡೂ ಒಂದನ್ನೊಂದು ಹುಟ್ಟಿಸುತ್ತವೆ. ಕಲಿತ ಮಗು ಮೇಷ್ಟರಿಗೆ ನಂಬಿಕೆ ಕೊಡುತ್ತದೆ, ಆ ನಂಬಿಕೆ ಮುಂದಿನ ಮಗುವಿಗೆ ಪಾಠವಾಗುತ್ತದೆ. ಆದುದರಿಂದ ಉಪಾಧ್ಯಾಯನಿಗೆ ನಂಬಿಕೆ ಬರಬೇಕಾದರೆ ಮೊದಲು ಅವನು ಗೆಲ್ಲಬಹುದಾದಂತೆ ಕೆಲಸ ಏರ್ಪಡಬೇಕು.

ಇದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 2008ರ ಬೇಸಿಗೆಯಲ್ಲಿ ಬಿಹಾರದಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರು ಹಿಂದುಳಿದ ಮಕ್ಕಳಿಗಾಗಿ ಸುಮಾರು ಒಂದು ತಿಂಗಳ ರಜಾ ಶಿಬಿರ ನಡೆಸಿದರು. ಪ್ರಥಮ್ ಸಂಸ್ಥೆಯವರು ತರಬೇತಿ, ಸಾಮಗ್ರಿ ಕೊಟ್ಟರು. ಊರಿನ ಸ್ವಯಂಸೇವಕರು ನೆರವಿಗೆ ನಿಂತರು. ಅಲ್ಲಿ ಪಠ್ಯಪುಸ್ತಕ ಮುಗಿಸುವ ಆತುರವಿರಲಿಲ್ಲ. ಮಗು ಯಾವ ತರಗತಿ ಎಂದು ಕೇಳದೆ ಅದಕ್ಕೆ ಎಷ್ಟು ಬರುತ್ತದೆ ಎಂದು ನೋಡಿ ಅಲ್ಲಿಂದ ಪಾಠ ಶುರು. ಕೆಲವೇ ವಾರಗಳಲ್ಲಿ ಮಕ್ಕಳ ಓದು ಸುಧಾರಿಸಿತು. ಆದರೆ ಶಾಲೆಯ ಮಾಮೂಲು ದಿನಗಳಲ್ಲಿ ಅಂಥದೇ ತರಬೇತಿಯನ್ನೂ ಸಾಮಗ್ರಿಯನ್ನೂ ಉಪಾಧ್ಯಾಯರ ಕೈಗೆ ಕೊಟ್ಟು ಬಿಟ್ಟ ಕಡೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಇದನ್ನು ಪರೀಕ್ಷಿಸಿದವರಲ್ಲಿ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರೂ ಇದ್ದರು.

ಇದರ ಅರ್ಥವೇನು? ಸರ್ಕಾರಿ ಉಪಾಧ್ಯಾಯನಿಗೆ ಕಲಿಸಲು ಬರುವುದಿಲ್ಲ ಎಂಬ ಮಾತು ಸುಳ್ಳು. ಬೇಸಿಗೆಯ ಶಿಬಿರದಲ್ಲಿ ಕಲಿಸಬಲ್ಲವನು ಶಾಲೆ ತೆರೆದ ಕೂಡಲೇ ದಡ್ಡನಾಗುವುದಿಲ್ಲ. ಬದಲಾದದ್ದು ಅವನ ಮೇಲಿನ ಹುಕುಂ. ಶಾಲೆಯಲ್ಲಿ ಅವನನ್ನು ಕೇಳುವುದು "ಎಷ್ಟನೆಯ ಪಾಠ ಮುಗಿಯಿತು" ಎಂದೇ ಹೊರತು "ಎಷ್ಟು ಮಕ್ಕಳಿಗೆ ಓದು ಬಂತು" ಎಂದಲ್ಲ. ಅಕ್ಷರ ಗುರುತಿಸದ ಮಗುವಿನ ಎದುರಿಗೆ ಐದನೆಯ ತರಗತಿಯ ಪದ್ಯವನ್ನು ಓದಿ ಮುಗಿಸಬೇಕಾದ ಉಪಾಧ್ಯಾಯ ದಿನವೂ ಸೋಲುತ್ತಾನೆ. ದಿನವೂ ಸೋಲುವವನಿಗೆ ನಂಬಿಕೆ ಎಲ್ಲಿಂದ ಬರಬೇಕು?

ಹರಿಯಾಣದಲ್ಲಿ 2012-13ರಲ್ಲಿ ಬೇರೆ ದಾರಿ ಹಿಡಿದರು. ಶಾಲೆಯ ದಿನದಲ್ಲೇ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಟ್ಟರು. ಆ ಗಂಟೆಯಲ್ಲಿ ತರಗತಿಯ ಗೋಡೆ ಮುರಿದು, ಓದಿನ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಗುಂಪುಮಾಡಿ ಪಾಠ. ಮೇಲ್ವಿಚಾರಣೆಗೆ ಬರುವ ಅಧಿಕಾರಿಗಳು ಬರಿಯ ಸಹಿ ಹಾಕಿ ಹೋಗುವವರಾಗಿರಲಿಲ್ಲ. ಮೊದಲು ತಾವೇ ಕೆಲವು ದಿನ ಮಕ್ಕಳಿಗೆ ಈ ರೀತಿ ಪಾಠ ಹೇಳಿ, ಫಲ ಕಂಡು, ಆಮೇಲೆ ಉಪಾಧ್ಯಾಯರಿಗೆ ತೋರಿಸಿಕೊಟ್ಟರು. ಹಿಂದಿ ಓದು ಸುಧಾರಿಸಿತು. ಆ ಗಂಟೆಯಲ್ಲಿ ಕಲಿಸದಿದ್ದ ಗಣಿತ ಇದ್ದಲ್ಲೇ ಇತ್ತು. ಬಂಡೂರರು ಹೇಳಿದ ಮೊದಲ ಎರಡು ಮೂಲಗಳು ಇಲ್ಲಿ ಕಾಣುತ್ತವೆ: ತಾನೇ ಮಾಡಿ ಗೆಲ್ಲುವುದು, ಮಾಡಿ ಗೆದ್ದವನನ್ನು ನೋಡುವುದು.

ಇದಕ್ಕೂ ಮೊದಲು, 2001ರಿಂದ, ವಡೋದರ ಮತ್ತು ಮುಂಬಯಿ ನಗರಗಳ ಪುರಸಭೆಯ ಶಾಲೆಗಳಲ್ಲಿ 'ಬಾಲಸಖಿ'ಯರ ಪ್ರಯೋಗ ನಡೆದಿತ್ತು. ಪ್ರೌಢಶಾಲೆಯವರೆಗೆ ಓದಿದ ಆಸುಪಾಸಿನ ಹೆಣ್ಣುಮಕ್ಕಳು ಮೂರು-ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟರು. ಮಕ್ಕಳು ಮುಂದುವರಿದರು. ಇದರಿಂದ ಕೆಲವರು ಜಾಣತನದ ಒಂದು ಪಾಠ ಕಲಿತರು: ಕಡಿಮೆ ಸಂಬಳದ ಕೈಗಳೇ ಸಾಕು, ಖಾಯಂ ಉಪಾಧ್ಯಾಯರು ಏಕೆ? ಬದಲಿ ಕಾರ್ಮಿಕನಿಂದ ಕೆಲಸ ತೆಗೆದು ಖಾಯಂ ಕಾರ್ಮಿಕನನ್ನು ಹೆದರಿಸುವ ಈ ಉಪಾಯ ಗಿರಣಿಯವರಿಗೆ ಹೊಸದಲ್ಲ. ಬಾಲಸಖಿಯರು ಗೆದ್ದದ್ದು ಅವರ ಸಂಬಳ ಕಡಿಮೆ ಇದ್ದುದರಿಂದಲ್ಲ. ಅವರ ಮುಂದೆ ಕೂತ ಮಕ್ಕಳು ಕಡಿಮೆ, ಗುರಿ ಸ್ಪಷ್ಟ, ಪಾಠ ಮಗುವಿನ ಮಟ್ಟಕ್ಕೆ ತಕ್ಕದ್ದು. ಅದೇ ಅನುಕೂಲವನ್ನು ನಮ್ಮ ಉಪಾಧ್ಯಾಯನಿಗೆ ಕೊಟ್ಟು ನೋಡಲಿ.

ಇನ್ನು ನಮ್ಮ ನಾಡಿನ ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್‌ನ ನೆರವಿನೊಂದಿಗೆ, 'ನಲಿ-ಕಲಿ' ಆರಂಭವಾಯಿತು. ಅಲ್ಲಿಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಒಬ್ಬನೇ ಉಪಾಧ್ಯಾಯ ಹಲವು ತರಗತಿಗಳನ್ನು ಕಾರ್ಡುಗಳ ಮೂಲಕ ನಡೆಸುವ ಹಳ್ಳಿ ಶಾಲೆಗಳನ್ನು ಕಂಡು ಬಂದರು. ಬಂದವರು ತಾವೇ ಕೂತು ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಾರ್ಡು ಬರೆದು, ಹಾಡು ಆಟ ಕೂಡಿಸಿ ಹೊಸ ಪದ್ಧತಿ ಕಟ್ಟಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಎರಡು ದಿನ ಬಾರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೂಲಿಕಾರರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? 2009-10ರಿಂದ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಇದನ್ನು ವಿಸ್ತರಿಸಿದರು. ತಾವು ಕಟ್ಟಿದ್ದೆಂಬ ಅಭಿಮಾನದಿಂದ ಕೆಲಸ ಮಾಡಿದವರಿಗೂ, ಮೇಲಿನಿಂದ ಬಂದ ಆಜ್ಞೆ ಎಂದು ಕಾರ್ಡು ಜೋಡಿಸುವವರಿಗೂ ಇರುವ ಅಂತರವನ್ನು ನಾನು ಕಂಡ ಉಪಾಧ್ಯಾಯರೇ ಹೇಳುತ್ತಾರೆ. ಪದ್ಧತಿಯನ್ನು ಸುತ್ತೋಲೆಯಲ್ಲಿ ಕಳಿಸಬಹುದು, ನಂಬಿಕೆಯನ್ನು ಕಳಿಸಲಾಗುವುದಿಲ್ಲ.

ಈ ನಂಬಿಕೆಯನ್ನು ದಿನವೂ ಕೊಲ್ಲುವ ಸಂಗತಿಗಳನ್ನೂ ನೋಡಬೇಕು. ಎಷ್ಟೋ ಶಾಲೆಗಳಲ್ಲಿ ಇಬ್ಬರು ಉಪಾಧ್ಯಾಯರಿಗೆ ಐದು ತರಗತಿ. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಕಂಪ್ಯೂಟರಿಗೆ ತುಂಬಬೇಕಾದ ಮಾಹಿತಿ, ಮತದಾರರ ಪಟ್ಟಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು, ಹತ್ತು ವರ್ಷ‍ದ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಹೊರತು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಉಪಾಧ್ಯಾಯರನ್ನು ಹಚ್ಚಕೂಡದೆನ್ನುತ್ತದೆ. ಆದಾಗ್ಯೂ 2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಉಪಾಧ್ಯಾಯರ ಹೆಗಲ ಮೇಲೇ ಬಿತ್ತು. ಅದಕ್ಕಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಹಿಂದುಳಿದವರ ಸ್ಥಿತಿಗತಿ ತಿಳಿಯುವ ಸಮೀಕ್ಷೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದುಳಿದವರನ್ನು ಎಣಿಸುವುದಕ್ಕೆ ಹಿಂದುಳಿದವರ ಮಕ್ಕಳ ಪಾಠವನ್ನೇ ಏಕೆ ನಿಲ್ಲಿಸಬೇಕು? ಓದಿ ಕೆಲಸವಿಲ್ಲದೆ ಕುಳಿತ ಯುವಕರು ಊರೂರಿನಲ್ಲಿಲ್ಲವೇ?

ಅತಿಥಿ ಶಿಕ್ಷಕರೆಂಬ ಇನ್ನೊಂದು ವರ್ಗವಿದೆ. ಹೆಸರೇನೋ ಅತಿಥಿ, ಸತ್ಕಾರ ಮಾತ್ರ ಬದಲಿ ಕೂಲಿಯದು. ವರ್ಷದ ಮಟ್ಟಿಗೆ ನೇಮಕ, ಸಂಬಳವೆಂಬ ಹೆಸರೂ ಇಲ್ಲದ ಗೌರವಧನ, ವರ್ಷ ಮುಗಿದರೆ ಮನೆ. ತಾನು ಮುಂದಿನ ಜೂನ್‌ನಲ್ಲಿ ಈ ಶಾಲೆಯಲ್ಲಿರುತ್ತೇನೋ ಇಲ್ಲವೋ ತಿಳಿಯದ ಉಪಾಧ್ಯಾಯಿನಿ, ಈ ಮಗುವನ್ನು ಎರಡು ವರ್ಷದಲ್ಲಿ ದಡ ಸೇರಿಸುತ್ತೇನೆಂದು ನಂಬುವುದು ಹೇಗೆ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಉಪಾಧ್ಯಾಯರನ್ನು ಹೊಣೆಯಿಂದ ಬಿಡುಗಡೆ ಮಾಡಿದಂತಾಗಲಿಲ್ಲ. ನನ್ನ ಹಳೆಯ ಸಹೋದ್ಯೋಗಿಗಳಿಗೆ ಒಂದು ಮಾತು ಖಂಡಿತವಾಗಿ ಹೇಳಬೇಕು. ನಮ್ಮ ನಿರಾಶೆ ಎಲ್ಲ ಮಕ್ಕಳ ಮೇಲೂ ಸಮನಾಗಿ ಬೀಳುವುದಿಲ್ಲ. ಅಂಗಿ ಒಗೆದು ಇಸ್ತ್ರಿ ಮಾಡಿ ಬಂದ ಮಗು ತಪ್ಪಿದರೆ "ಗಮನ ಕೊಡು" ಎನ್ನುತ್ತೇವೆ. ಹರಿದ ಅಂಗಿಯ ಮಗು ತಪ್ಪಿದರೆ "ಇವರ ಹಣೆಬರಹವೇ ಇಷ್ಟು" ಎನ್ನುತ್ತೇವೆ. ಹಣೆಬರಹದ ಈ ಮಾತಿಗೆ ಸಾವಿರಾರು ವರ್ಷಗಳ ವಯಸ್ಸಾಗಿದೆ. ಶೂದ್ರರಿಗೆ, ಅಸ್ಪೃಶ್ಯರಿಗೆ, ಹೆಂಗಸರಿಗೆ ವಿದ್ಯೆ ಹತ್ತುವುದಿಲ್ಲ, ಹತ್ತಲೂ ಕೂಡದು ಎಂದು ಹೇಳಿದವರ ಬಾಯಿಯ ಮಾತೇ ಅದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಆ ಮಾತನ್ನು ಪಾಠ ಹೇಳಿಯೇ ಸುಳ್ಳು ಮಾಡಿದರು. ಅವರಿಗೆ ಇಲಾಖೆಯ ಕಾರ್ಡುಗಳಿರಲಿಲ್ಲ, ಬೀದಿಯಲ್ಲಿ ಬೈಗಳಿದ್ದವು. 1882ರಲ್ಲಿ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಡುವಾಗ ಜ್ಯೋತಿಬಾ, ಪ್ರಾಥಮಿಕ ಶಾಲೆಗಳಿಗೆ ಸಾಧ್ಯವಾದ ಮಟ್ಟಿಗೂ ರೈತಾಪಿ ಜನರೊಳಗಿನಿಂದಲೇ ತರಬೇತಾದ ಉಪಾಧ್ಯಾಯರು ಬರಬೇಕು, ಅವರ ಸಂಬಳ ಹೆಚ್ಚಬೇಕು ಎಂದು ಕೇಳಿದರು. ಮಗುವಿನ ಮೇಲಿನ ನಂಬಿಕೆ ಮತ್ತು ಉಪಾಧ್ಯಾಯನ ಹೊಟ್ಟೆಪಾಡು ಎರಡನ್ನೂ ಅವರು ಒಟ್ಟಿಗೇ ಕಂಡರು. ನಾವೂ ಹಾಗೆಯೇ ಕಾಣಬೇಕು.

ಹೀಗಿರುವಾಗ ಕಾರ್ಮಿಕರೂ ವ್ಯಾಪಾರಿ ಬಂಧುಗಳೂ ಮಾಡಬಹುದಾದ್ದೇನು?

ಮೊದಲನೆಯದಾಗಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದೊಂದಿದೆ. ಅದರಲ್ಲಿ ಪೋಷಕರಿಗೆ ಸ್ಥಾನವಿದೆ. ಅದನ್ನು ಗುತ್ತಿಗೆದಾರರಿಗೂ ಪುಢಾರಿಗಳಿಗೂ ಬಿಟ್ಟುಕೊಡಬೇಡಿ. ಸಭೆಯನ್ನು ಪಾಳಿಯವರಿಗೆ ಅನುಕೂಲವಾದ ಹೊತ್ತಿನಲ್ಲಿ ಕರೆಯಿರೆಂದು ಒತ್ತಾಯಮಾಡಿ. ಸಭೆಯಲ್ಲಿ ಕಾಂಪೌಂಡು, ಬಣ್ಣ, ಧ್ವಜದ ಕಟ್ಟೆಗಳ ಮಾತಿಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ನಾಲ್ಕು, ಐದನೆಯ ತರಗತಿಗಳಲ್ಲಿ ಎರಡನೆಯ ತರಗತಿಯ ಪಾಠ ಓದಲಾರದ ಮಕ್ಕಳು ಎಷ್ಟು? ಮೇಷ್ಟರನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ ಈ ಪ್ರಶ್ನೆಯಲ್ಲ. ಆ ಮಕ್ಕಳಿಗೆ ದಿನಕ್ಕೊಂದು ಗಂಟೆ ಮೀಸಲಿಡಲು ನಿಮಗೇನು ಅಡ್ಡಿ, ನಾವು ಯಾರಲ್ಲಿಗೆ ಹೋಗಿ ಆ ಅಡ್ಡಿ ಬಿಡಿಸಬೇಕು ಎಂದು ಕೇಳುವುದಕ್ಕಾಗಿ.

ಎರಡನೆಯದಾಗಿ, ಖಾಲಿ ಹುದ್ದೆ ತುಂಬಿರಿ, ಅತಿಥಿ ಶಿಕ್ಷಕರಿಗೆ ಭದ್ರತೆ ಕೊಡಿರಿ, ಪಾಠದ ಹೊತ್ತಿನಲ್ಲಿ ಬೇರೆ ಚಾಕರಿ ಹಚ್ಚಬೇಡಿರಿ ಎಂದು ಉಪಾಧ್ಯಾಯರು ಧರಣಿ ಕೂತಾಗ ಅದು ಅವರ ಸ್ವಂತ ವ್ಯವಹಾರವೆಂದು ದೂರ ನಿಲ್ಲಬೇಡಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಪಕ್ಕದಲ್ಲಿ ಕೂರಬೇಕು. ಹಾಗೆಯೇ ಉಪಾಧ್ಯಾಯರ ಸಂಘಗಳು ತಮ್ಮ ಬೇಡಿಕೆಯ ಪಟ್ಟಿಯಲ್ಲಿ ವೇತನ, ವರ್ಗಾವಣೆಗಳ ಜೊತೆಗೆ ಮಕ್ಕಳ ಓದಿನ ಗಂಟೆಯನ್ನೂ ಸೇರಿಸಬೇಕು. ಆಗ ಮಾತ್ರ ಊರು ಅವರ ಬೆನ್ನಿಗೆ ಬರುತ್ತದೆ.

ಮೂರನೆಯದಕ್ಕೆ ಕಾಸು ಬೇಕಿಲ್ಲ. ನಿಮ್ಮ ಮಗು ಅಂಗಡಿಯ ಬೋರ್ಡು ಓದಿದರೆ, ಚೀಟಿಯ ಲೆಕ್ಕ ಕೂಡಿದರೆ, ಶಾಲೆಗೆ ಹೋಗಿ ಮೇಷ್ಟರಿಗೆ ಅದನ್ನು ಹೇಳಿ. ದೂರು ಹೇಳಲು ಹೋಗುತ್ತೇವೆ, ಇದನ್ನು ಹೇಳಲು ಹೋಗುವುದಿಲ್ಲ. ನಲವತ್ತು ಮಕ್ಕಳ ಗದ್ದಲದಲ್ಲಿ ತಾನು ಮಾಡಿದ್ದು ಫಲಿಸಿತೆಂದು ಮೇಷ್ಟರಿಗೇ ಎಷ್ಟೋ ಸಲ ಗೊತ್ತಾಗಿರುವುದಿಲ್ಲ. ಅಮ್ಮಂದಿರು ಹೋಗಿ ಹೇಳಿದರೆ ಸೆಪ್ಟೆಂಬರ್ 5ರ ಶಾಲಿಗಿಂತ ಅದು ಹೆಚ್ಚಿನ ಕೆಲಸ ಮಾಡುತ್ತದೆ.

ಕೊನೆಯದಾಗಿ, "ಓದು ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ಇನ್ನು ಮುಂದೆ ಮಗುವಿನ ಎದುರಿಗೆ ಆಡಬೇಡಿ. ಬೇರೆ ಯಾರಾದರೂ ಆಡಿದರೆ, ಅವರು ಮೇಷ್ಟರೇ ಆಗಲಿ ಅಧಿಕಾರಿಯೇ ಆಗಲಿ, ವಿನಯದಿಂದಲೇ ತಿರುಗಿ ಕೇಳಿ: "ಯಾವ ಪಾಠ ಹತ್ತಲಿಲ್ಲ ಸ್ವಾಮಿ? ಎಷ್ಟು ದಿನ ಹೇಳಿದಿರಿ? ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು? ಹೇಳಿಕೊಡಲು ನಿಮಗೆ ಏನು ಬೇಕು?" ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಮಗುವಿನ ತಲೆಯ ವಿಚಾರ ಮಾತನಾಡಬಹುದು.